ಹಕ್ಕಿ ನೋಡಲು ಕೀನ್ಯಾಕ್ಕೆ ಹೋಗಲೋ, ಉಗಾಂಡಾಕ್ಕೋ?

ಕೈಯಲ್ಲಿ 12 ದಿನ ಇದೆ, ಸಿಂಹ-ಆನೆಗಿಂತ ಹಕ್ಕಿಯೇ ಮುಖ್ಯ ಅಂದಿದ್ದೀರಿ. ಹಾಗಾದರೆ ಕಣ್ಣುಮುಚ್ಚಿ ಉಗಾಂಡಾಕ್ಕೆ ಹೋಗಿ.

ಪೂರ್ವ ಆಫ್ರಿಕಾದ ಹುಲ್ಲುಗಾವಲು ಕಾಂಗೋದ ಮಳೆಕಾಡಿಗೆ ತಾಗುವ ಜಾಗ ಅದು. ದಕ್ಷಿಣಕ್ಕೆ ವಿಕ್ಟೋರಿಯಾ ಸರೋವರದ ಜೌಗು, ಪಶ್ಚಿಮದಂಚಿಗೆ ರಿಫ್ಟ್ ಕಣಿವೆಯ ಬೆಟ್ಟಗಳು. ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದಿರುವ ದೇಶದಲ್ಲಿ 1,000ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ನಮ್ಮ ಇಡೀ ಭಾರತದಲ್ಲೇ ಇರುವುದು 1,300 ಚಿಲ್ಲರೆ.

ಎಂಟೆಬೆಯಲ್ಲಿ ಇಳಿದ ಮರುದಿನ ಬೆಳಿಗ್ಗೆಯೇ ಮಬಾಂಬಾ ಜೌಗಿಗೆ ಹೊರಡಿ. ಮರದ ದೋಣಿಯಲ್ಲಿ ಪಪೈರಸ್ ಜೊಂಡಿನ ಸಂದಿಯಲ್ಲಿ ಹೋಗಬೇಕು. ನಾವು ಹೋದ ದಿನ ಒಂದೂವರೆ ಗಂಟೆ ಏನೂ ಕಾಣಲಿಲ್ಲ. ಆಮೇಲೆ ಅಂಬಿಗ ಹುಟ್ಟು ನಿಲ್ಲಿಸಿ ಸುಮ್ಮನೆ ಬೆರಳು ತೋರಿಸಿದ. ಬೂದು ಬಣ್ಣದ ಶೂಬಿಲ್, ನಾಲ್ಕು ಅಡಿ ಎತ್ತರ, ಅಲುಗದೆ ನೀರನ್ನೇ ನೋಡುತ್ತಾ ನಿಂತಿತ್ತು. ಅದು ಕಾಯುವುದು ಲಂಗ್‌ಫಿಶ್‌ಗಾಗಿ. ಆ ಮೀನು ಉಸಿರಾಡಲು ನೀರಿನ ಮೇಲಕ್ಕೆ ಬರಲೇಬೇಕು, ಬಂದಾಗ ಹಕ್ಕಿ ಇಡೀ ಮೈಯನ್ನೇ ಅದರ ಮೇಲೆ ಕೆಡವುತ್ತದೆ. ನಮ್ಮೆದುರು ಹಾಗೆ ಬಿದ್ದೆದ್ದಾಗ ಕೊಕ್ಕಿನ ಎರಡೂ ಬದಿಯಿಂದ ಕೆಸರು, ಬೇರು, ಎಲೆ ಸುರಿಯುತ್ತಿತ್ತು. ನಡುವೆ ಮೀನಿನ ಬಾಲ. ಈ ಹಕ್ಕಿಯನ್ನು ಕಂಡರೆ ಅಂದು ಬಲೆಗೆ ಮೀನು ಬೀಳದು ಅಂತ ಅಲ್ಲಿನ ಬೆಸ್ತರು ಹಿಂದೆ ಕೊಲ್ಲುತ್ತಿದ್ದರಂತೆ. ಈಗ ಅವರಲ್ಲೇ ಎಷ್ಟೋ ಜನ ಇದನ್ನು ತೋರಿಸಿ ಜೀವನ ಮಾಡುತ್ತಿದ್ದಾರೆ. ನನಗೆ ಹಕ್ಕಿ ಕಂಡಷ್ಟೇ ಸಂತೋಷ ಇದರಿಂದಲೂ ಆಯಿತು.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಎಂಟು ದಿನಕ್ಕೆ ಐದು ಜಾಗ ಇಟ್ಟುಕೊಂಡಿದ್ದೆ, ಅರ್ಧ ಪ್ರವಾಸ ಕಾರಿನಲ್ಲೇ ಕಳೆಯಿತು. ಕಿಬಾಲೆ ಕಾಡಿಗೆ ಒಂದೇ ಬೆಳಿಗ್ಗೆ ಉಳಿದಿತ್ತು. ಅಲ್ಲಿರುವ ಹಸಿರೆದೆಯ ಪಿಟ್ಟ ನಮ್ಮ ನವರಂಗ ಹಕ್ಕಿಯ ಕುಲದ್ದೇ, ಕೂಗುವುದು ನಸುಕಿನಲ್ಲಿ ಸ್ವಲ್ಪ ಹೊತ್ತು ಮಾತ್ರ. ಕತ್ತಲಲ್ಲಿ ಅದರ ರೆಕ್ಕೆಯ ಪುರ್‍ರ್ ಸದ್ದು ಕೇಳಿಸಿತು, ಬೆಳಕು ಹರಿಯಿತು, ಹಕ್ಕಿ ಕಾಣದೆ ಹೋಯಿತು. ಇನ್ನೊಂದು ನಸುಕು ಕೈಯಲ್ಲಿದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಹಾಗಾಗಿ ಮಬಾಂಬಾ, ಕಿಬಾಲೆ, ಕ್ವೀನ್ ಎಲಿಜಬೆತ್ ರಾಷ್ಟ್ರೀಯ ಉದ್ಯಾನ, ಬ್ವಿಂಡಿ ಕಾಡು ಸಾಕು. ಮರ್ಚಿಸನ್ ಜಲಪಾತ, ಸೆಮುಲಿಕಿ ಈ ಸಲಕ್ಕೆ ಬಿಟ್ಟುಬಿಡಿ. ಬ್ವಿಂಡಿಗೆ ಮೂರು ರಾತ್ರಿಯಾದರೂ ಕೊಡಿ, ಆ ಕಾಡಿನ ರುಹಿಜಾ ಭಾಗದಲ್ಲಿ ಉಳಿಯಿರಿ. ಆಲ್ಬರ್ಟೈನ್ ರಿಫ್ಟ್ ಅನ್ನುವ ಆ ಪಶ್ಚಿಮದಂಚಿನ ಬೆಟ್ಟಗಳ ಹೊರಗೆ ಎಲ್ಲೂ ಸಿಗದ ಹಕ್ಕಿಗಳು ಅಲ್ಲಿವೆ. ಅವುಗಳಲ್ಲೊಂದಾದ ಹಸಿರು ಬ್ರಾಡ್‌ಬಿಲ್ ನೋಡಲು ಮುಬ್ವಿಂಡಿ ಜೌಗಿನ ತನಕ ಇಳಿಯಬೇಕು. ವಾಪಸ್ ಹತ್ತುವಾಗ ಮಂಡಿ ನೋಯುತ್ತದೆ, ಕೋಲು ಒಯ್ಯಿರಿ. ಅಲ್ಲಿ ಗೊರಿಲ್ಲಾ ನೋಡುವ ಪರ್ಮಿಟ್ ಬಹಳ ದುಬಾರಿ, ಹಕ್ಕಿ ನೋಡಲು ಅದು ಬೇಕಿಲ್ಲ.

ಜೂನ್‌ನಿಂದ ಆಗಸ್ಟ್ ಅಥವಾ ಡಿಸೆಂಬರ್‌ನಿಂದ ಫೆಬ್ರವರಿ ಮಳೆ ಕಡಿಮೆ. ಹಳದಿ ಜ್ವರದ ಲಸಿಕೆ ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿ, ಆ ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇರಲಿ. ಅದಿಲ್ಲದೆ ವಾಪಸ್ ಬಂದಿಳಿದರೆ ಭಾರತದಲ್ಲಿ ನಿಮ್ಮನ್ನು 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.