ಹಳೇ ಕಾರಿನ ಹೀಟರ್: ಕೆಟ್ಟಿದೆಯೋ, ಕಿತ್ತಿಟ್ಟಿದ್ದಾರೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 1998ರ ಮಾರುತಿ 800 ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ಬ್ಲೋವರ್ ಚೆನ್ನಾಗಿ ಓಡುತ್ತದೆ, ಆದರೆ ಬಿಸಿಗಾಳಿ ಬರುವುದಿಲ್ಲ. ಡಿಸೆಂಬರಿನಲ್ಲಿ ಊಟಿಗೆ ಹೋಗಬೇಕು. ಬಂಡೀಪುರದ ಗೇಟು ಬೆಳಗ್ಗೆ 6ಕ್ಕೆ ತೆಗೆದ ಕೂಡಲೇ ದಾಟುವ ಯೋಚನೆ. ಸರ್ವಿಸ್ ಮ್ಯಾನ್ಯುಯಲ್ ಸಿಕ್ಕಿದೆ. ಹೀಟರ್ ತೆಗೆಯಲು ಡ್ಯಾಶ್‌ಬೋರ್ಡ್ ಬಿಚ್ಚಬೇಕು ಎಂದಿದೆ. ಬಿಚ್ಚಲೇ? — ಕುವೆಂಪುನಗರ, ಮೈಸೂರು

ಈಗಲೇ ಬೇಡ. ಮ್ಯಾನ್ಯುಯಲ್‌ನಲ್ಲಿ ಬಿಚ್ಚುವ ಪುಟಕ್ಕಿಂತ ಮೊದಲು ನೋಡಬೇಕಾದದ್ದು ಎರಡು: ದೋಷ ಹುಡುಕುವ ಪಟ್ಟಿ, ಮತ್ತು ಕೂಲಿಂಗ್ ಅಧ್ಯಾಯದಲ್ಲಿ ನೀರು ಹರಿಯುವ ದಾರಿಯ ಚಿತ್ರ. ಹೀಟರಿಗೆ ಸ್ವಂತ ಬಿಸಿ ಇಲ್ಲ. ಎಂಜಿನ್ನಿನ ಬಿಸಿ ಕೂಲಂಟು, ಅಂದರೆ ಎಂಜಿನ್ನನ್ನು ತಣಿಸುವ ದ್ರವ, ಒಂದು ಹೋಸ್ ಪೈಪಿನಲ್ಲಿ ಡ್ಯಾಶ್‌ಬೋರ್ಡಿನ ಹಿಂದಿನ ಪುಟ್ಟ ರೇಡಿಯೇಟರಿಗೆ, ಅಂದರೆ ಹೀಟರ್ ಕೋರಿಗೆ ಹೋಗಿ ಇನ್ನೊಂದು ಪೈಪಿನಲ್ಲಿ ಹಿಂದಕ್ಕೆ ಬರುತ್ತದೆ. ಅದರ ಮೇಲೆ ಹಾದ ಗಾಳಿಯೇ ನಿಮಗೆ ಸಿಗುವ ಬಿಸಿಗಾಳಿ.

ಆ ಚಿತ್ರವನ್ನು ಕೈಯಲ್ಲಿಟ್ಟುಕೊಂಡು ಬಾನೆಟ್ಟು ಎತ್ತಿ, ನಿಮ್ಮ ಕಾರಿನ ಪೈಪುಗಳನ್ನು ಒಂದೊಂದಾಗಿ ಹೋಲಿಸಿ. ನಮ್ಮ ಕಡೆಯ ಹಳೇ ಕಾರುಗಳಲ್ಲಿ ಹೀಟರ್ ಕೆಟ್ಟಿರುವುದಕ್ಕಿಂತ ಹೆಚ್ಚಾಗಿ ಅದರ ಸಂಪರ್ಕವನ್ನೇ ತಪ್ಪಿಸಿರುತ್ತಾರೆ. ಎಂದೋ ಕೋರು ಸೋರಿತು, ಎರಡು ಪೈಪನ್ನೂ ಎಂಜಿನ್ ಕಡೆಯೇ ಒಂದಕ್ಕೊಂದು ಸೇರಿಸಿ ಕ್ಲಿಪ್ಪು ಬಿಗಿದರು, ಕೆಲಸ ಮುಗಿಯಿತು. ಇನ್ನೂ ಸಾಮಾನ್ಯವಾದದ್ದು, ‘ನಮ್ಮ ಬಿಸಿಲಿಗೆ ಇದೆಲ್ಲ ಯಾಕೆ’ ಎಂದು ಥರ್ಮೋಸ್ಟಾಟ್ ವಾಲ್ವನ್ನೇ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಬಾಗಿಲು) ಕಿತ್ತು ಬಿಸಾಡುವುದು. ಇದನ್ನು ನಾವು ಖಡಾಖಂಡಿತವಾಗಿ ವಿರೋಧಿಸುತ್ತೇವೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಕೂಲಂಟು ಸದಾ ರೇಡಿಯೇಟರಿಗೆ ಹೋಗಿ ತಣ್ಣಗಾಗುತ್ತಲೇ ಇರುತ್ತದೆ. ಬೆಳಗಿನ ಚಳಿಯಲ್ಲಿ, ಹೈವೇ ಓಟದಲ್ಲಿ ಎಂಜಿನ್ ತನ್ನ ಹದದ ಬಿಸಿಗೆ ಬರುವುದೇ ಇಲ್ಲ. ಹೀಟರ್ ಹೋಗಲಿ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಎಂಜಿನ್ ಆಯಿಲ್ಲಿನಲ್ಲಿ ಸೇರಿದ ತೇವ ಆವಿಯಾಗದೆ ಕೆಸರು ಕಟ್ಟುತ್ತದೆ, ಸವೆತವೂ ಹೆಚ್ಚು.

ಪರೀಕ್ಷೆ ಸುಲಭ. ರಾತ್ರಿಯೆಲ್ಲ ನಿಂತು ತಣ್ಣಗಿರುವ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿ, ಬೆಲ್ಟು ಮತ್ತು ಫ್ಯಾನಿನಿಂದ ಕೈ ದೂರವಿಟ್ಟು ರೇಡಿಯೇಟರಿನ ಮೇಲಿನ ಪೈಪನ್ನು ಆಗಾಗ ಮುಟ್ಟಿ ನೋಡಿ. ಥರ್ಮೋಸ್ಟಾಟ್ ಸರಿಯಿದ್ದರೆ ಹಲವು ನಿಮಿಷ ತಣ್ಣಗೇ ಇದ್ದು ಆಮೇಲೆ ಒಮ್ಮೆಲೇ ಬಿಸಿಯೇರುತ್ತದೆ. ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ವಾಲ್ವು ಇಲ್ಲ, ಅಥವಾ ತೆರೆದೇ ಸಿಕ್ಕಿಹಾಕಿಕೊಂಡಿದೆ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಹೀಟರ್ ಲಿವರನ್ನು ಕೆಂಪಿನ ಕಡೆಗೆ ತಳ್ಳಿ, ಫೈರ್‌ವಾಲಿನೊಳಗೆ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆ) ಹೋಗುವ ಎರಡು ಸಣ್ಣ ಪೈಪುಗಳನ್ನು ಬಟ್ಟೆ ಸುತ್ತಿದ ಕೈಯಿಂದ ಮುಟ್ಟಿ. ಎರಡೂ ಬಿಸಿಯಿದ್ದರೆ ನೀರು ಹರಿಯುತ್ತಿದೆ. ತಪ್ಪು ಗಾಳಿಯನ್ನು ಕೋರಿನ ಕಡೆಗೆ ತಿರುಗಿಸುವ ಒಳಗಿನ ಗಾಳಿ ಬಾಗಿಲಿನದು ಅಥವಾ ಅದರ ಕೇಬಲಿನದು. ಒಂದು ಬಿಸಿ, ಒಂದು ತಣ್ಣಗಿದ್ದರೆ ಕೋರಿಗೆ ಕೂಲಂಟು ಬಿಡುವ ಹೀಟರ್ ವಾಲ್ವು ತೆರೆದಿಲ್ಲ ಅಥವಾ ಕೋರು ಕಟ್ಟಿಕೊಂಡಿದೆ. ಎರಡೂ ತಣ್ಣಗಿದ್ದರೆ ಕೂಲಂಟು ಕಡಿಮೆ, ಇಲ್ಲವೇ ಒಳಗೆ ಗಾಳಿ ಕಟ್ಟಿದೆ, ಇಲ್ಲವೇ ಎಂಜಿನ್ನೇ ಬಿಸಿಯಾಗುತ್ತಿಲ್ಲ.

ಈ ಹೀಟರ್ ವಾಲ್ವು ಕೆಲವು ಕಾರಿನಲ್ಲಿ ಬಾನೆಟ್ಟಿನಡಿ, ಕೆಲವದರಲ್ಲಿ ಕಾಲಿಡುವ ಜಾಗದ ಮೇಲೆ ಇರುತ್ತದೆ. ಕೆಲವಕ್ಕೆ ವಾಲ್ವೇ ಇಲ್ಲ, ಗಾಳಿ ಬಾಗಿಲು ಮಾತ್ರ. ಮೈಸೂರಿನ ಹವೆಯಲ್ಲಿ ವರ್ಷಗಟ್ಟಲೆ ಯಾರೂ ಆ ಲಿವರ್ ಮುಟ್ಟದ ಕಾರಣ ವಾಲ್ವು ತುಕ್ಕು ಹಿಡಿದು ಕೂತಿರುತ್ತದೆ. ಲಿವರನ್ನು ಬಲವಾಗಿ ಎಳೆದರೆ ಮುರಿಯುವುದು ಪ್ಲಾಸ್ಟಿಕ್ ತೋಳು, ವಾಲ್ವು ಅಲ್ಲಾಡುವುದಿಲ್ಲ. ಕೇಬಲ್ ಕಳಚಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಅರ್ಧ ಗಂಟೆ ಬಿಟ್ಟು ವಾಲ್ವಿನ ತೋಳನ್ನೇ ಬೆರಳಿನಲ್ಲಿ ಅತ್ತಿತ್ತ ಆಡಿಸಿ. ಮತ್ತೆ ಜೋಡಿಸುವಾಗ ಲಿವರನ್ನು ಮ್ಯಾನ್ಯುಯಲ್ ಹೇಳಿದ ತುದಿಗೆ ಇಟ್ಟು, ವಾಲ್ವಿನ ತೋಳನ್ನೂ ಅದೇ ತುದಿಗೆ ಒತ್ತಿ ಹಿಡಿದು, ಆಮೇಲೆ ಕೇಬಲಿನ ಹೊರಕವಚವನ್ನು ಕ್ಲಿಪ್ಪಿಗೆ ಸಿಕ್ಕಿಸಿ. ಈ ಅನುಕ್ರಮ ತಪ್ಪಿದರೆ ವಾಲ್ವು ಅರ್ಧವೇ ತೆರೆಯುತ್ತದೆ.

ಥರ್ಮೋಸ್ಟಾಟ್ ಹೊಸದು ಹಾಕುವಾಗ ಅದರ ಮೇಲೆ ಒತ್ತಿರುವ ಅಂಕಿ ನೋಡಿ: 82 ಅಥವಾ 88 ಎಂಬಂತಿರುತ್ತದೆ, ಅದು ತೆರೆಯಲು ಶುರುವಾಗುವ ಸೆಲ್ಸಿಯಸ್ ಡಿಗ್ರಿ. ಮ್ಯಾನ್ಯುಯಲ್ ಹೇಳಿದ್ದನ್ನೇ ತನ್ನಿ. ಹಾಕುವ ಮುನ್ನ ನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು, ತಳ ತಾಗದಂತೆ ಕಾಯಿಸಿ, ಥರ್ಮಾಮೀಟರ್ ಇಟ್ಟು ಪರೀಕ್ಷಿಸಿ; ಜ್ವರ ನೋಡುವುದು ಇದಕ್ಕೆ ಆಗದು, 100 ಡಿಗ್ರಿ ತೋರಿಸುವುದು ಬೇಕು. ಸ್ಪ್ರಿಂಗು ಎಂಜಿನ್ನಿನ ಕಡೆಗೆ, ಅಂಚಿನಲ್ಲಿ ಅಲ್ಲಾಡುವ ಪುಟ್ಟ ಪಿನ್ನು ಇದ್ದರೆ ಅದು ಮೇಲಕ್ಕೆ ಬರಬೇಕು. ಗಾಳಿ ಹೊರಹೋಗುವುದು ಅಲ್ಲಿಂದಲೇ. ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ತೆಳು ಹಾಳೆ) ಹೊಸದೇ ಹಾಕಿ.

ಪ್ರಶ್ನೆ: ನಮ್ಮ ಕಾರಿನಲ್ಲಿ ಹೀಟರ್ ಪೈಪು ಒಂದು ಬಿಸಿ, ಒಂದು ತಣ್ಣಗೆ. ವಾಲ್ವು ಸರಿಯಾಗಿ ಆಡುತ್ತಿದೆ. ಇಷ್ಟು ವರ್ಷ ಬೋರ್‌ವೆಲ್ ನೀರೇ ಹಾಕಿದ್ದೇವೆ. — ಮಂಡ್ಯ

ಕಾರಣವನ್ನು ನೀವೇ ಬರೆದಿದ್ದೀರಿ. ಗಡಸು ನೀರಿನ ಸುಣ್ಣ, ತುಕ್ಕಿನ ಜೊತೆ ಸೇರಿ ಕೋರಿನ ಕಿರಿದಾದ ಕೊಳವೆಗಳಲ್ಲಿ ಕಟ್ಟಿಕೊಂಡಿದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಕೀ ತೆಗೆದು, ಫೈರ್‌ವಾಲಿನ ಬಳಿಯ ಎರಡೂ ಪೈಪು ಬಿಡಿಸಿ. ಹಳೇ ರಬ್ಬರು ಅಂಟಿಕೊಂಡಿರುತ್ತದೆ. ತಿರುಚಿ ಎಳೆಯಬೇಡಿ, ಒಳಗಿನ ತೆಳು ಕೊಳವೆ ಬುಡದಲ್ಲಿ ಸೀಳಿದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ತಪ್ಪದು. ಬ್ಲೇಡಿನಿಂದ ರಬ್ಬರನ್ನು ಉದ್ದಕ್ಕೆ ಸೀಳಿ ಬಿಡಿಸಿ, ಹೊಸ ಹೀಟರ್ ಹೋಸ್ ಹಾಕಿ. ಹಳೇ ತುಂಡನ್ನೇ ಅಂಗಡಿಗೆ ಒಯ್ದು ಒಳ ಅಳತೆ ಹೋಲಿಸಿ. ಮಾಮೂಲಿ ನೀರಿನ ಪ್ಲಾಸ್ಟಿಕ್ ಪೈಪು ಬಿಸಿಗೆ ಮೆತ್ತಗಾಗಿ ಜಾರುತ್ತದೆ.

ತೋಟದ ಪೈಪಿನಿಂದ ಕೋರಿಗೆ ಕಡಿಮೆ ಒತ್ತಡದ ನೀರು ಬಿಡಿ, ಮೊದಲು ಹೊರಬರುವ ದಾರಿಯಿಂದ ಒಳಕ್ಕೆ. ನೀರು ಸದಾ ಹರಿಯುವ ದಿಕ್ಕಿಗೆ ಕಸ ಒತ್ತಿ ಕೂತಿರುತ್ತದೆ, ಉಲ್ಟಾ ಬಿಟ್ಟರೆ ಸಡಿಲವಾಗುತ್ತದೆ. ಆಮೇಲೆ ಸರಿ ದಿಕ್ಕು, ಮತ್ತೆ ಉಲ್ಟಾ, ತಿಳಿನೀರು ಬರುವವರೆಗೆ. ಪಂಪ್‌ಸೆಟ್ಟಿನ ಒತ್ತಡ ಅಥವಾ ಕಾರು ತೊಳೆಯುವ ಪ್ರೆಷರ್ ಗನ್ ಹಿಡಿಯಬೇಡಿ, ಬೆಸುಗೆ ಬಿಡುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಎಂದು ಹೇಳುವವರಿದ್ದಾರೆ. ಕೋರು ಅಲ್ಯುಮಿನಿಯಮ್ ಆಗಿದ್ದರೆ ಅದು ಸುಣ್ಣಕ್ಕಿಂತ ಮೊದಲು ಲೋಹವನ್ನೇ ತಿನ್ನುತ್ತದೆ.

ತುಂಬುವಾಗ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟು, ಡಬ್ಬಿಯ ಮೇಲೆ ಅಥವಾ ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಳತೆಗೆ. ನಮಗೆ ಹಿಮದ ಭಯವಿಲ್ಲ ನಿಜ, ಆದರೆ ಕೂಲಂಟಿನಲ್ಲಿರುವ ತುಕ್ಕು ತಡೆಯುವ ಅಂಶ ಬೇಕೇ ಬೇಕು. ಬೆರೆಸಿಯೇ ಮಾರುವ ಡಬ್ಬಿಗೆ ಮತ್ತೆ ನೀರು ಸೇರಿಸಬೇಡಿ. ಲಿವರ್ ಕೆಂಪಿಗೆ, ಕಾರಿನ ಮೂತಿ ಸ್ವಲ್ಪ ಎತ್ತರಕ್ಕೆ, ರೇಡಿಯೇಟರ್ ಮುಚ್ಚಳ ತೆರೆದು ನಿಧಾನವಾಗಿ ತುಂಬಿ. ಐಡಲ್‌ನಲ್ಲಿ ಓಡಲು ಬಿಡಿ; ಥರ್ಮೋಸ್ಟಾಟ್ ತೆರೆದು ಮೇಲಿನ ಪೈಪು ಬಿಸಿಯಾಗಿ ಗುಳ್ಳೆ ನಿಲ್ಲುವವರೆಗೆ ತುಂಬುತ್ತಾ ಹೋಗಿ, ಆಮೇಲೆ ಮುಚ್ಚಿ. ಗಾಳಿ ಬಿಡುವ ಸ್ಕ್ರೂ ಎಲ್ಲಿದೆ ಎಂದು ಮ್ಯಾನ್ಯುಯಲ್ ತೋರಿಸಿದ್ದರೆ ಅದನ್ನೂ ಬಳಸಿ. ಮಾರನೆಯ ಬೆಳಗ್ಗೆ ತಣ್ಣಗಿರುವಾಗ ಮಟ್ಟ ಇಳಿದಿರುತ್ತದೆ, ಮತ್ತೆ ತುಂಬಿ. ಬಿಸಿಯಿದ್ದಾಗ ಮುಚ್ಚಿದ ಮುಚ್ಚಳವನ್ನು ಎಂದೂ ತೆಗೆಯಬೇಡಿ. ಹಳೇ ಕೂಲಂಟನ್ನು ಚರಂಡಿಗೆ ಚೆಲ್ಲಬೇಡಿ: ಅದು ಸಿಹಿ, ವಿಷ, ಬೀದಿನಾಯಿ ನೆಕ್ಕಿದರೆ ಸಾಯುತ್ತದೆ.

ಪ್ರಶ್ನೆ: ಹೀಟರ್ ಹಾಕಿದರೆ ಮುಂದಿನ ಗಾಜಿಗೆ ಒಳಗಿನಿಂದ ಎಣ್ಣೆಯಂಥ ಮಬ್ಬು, ಸಿಹಿ ವಾಸನೆ. ಎಡಗಡೆ ಸೀಟಿನ ಮುಂದೆ ಕಾರ್ಪೆಟ್ ಒದ್ದೆ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ, ನಿಲ್ಲುತ್ತದೆ ಎನ್ನುತ್ತಾರೆ. — ನಂಜನಗೂಡು

ಕೋರು ಸೋರುತ್ತಿದೆ, ಅನುಮಾನ ಬೇಡ. ಅರಿಶಿನವಾಗಲಿ, ಅಂಗಡಿಯ ಲೀಕ್ ನಿಲ್ಲಿಸುವ ಪುಡಿಯಾಗಲಿ ಸೋರುವ ತೂತನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಅತಿ ಕಿರಿದಾದ ಹೀಟರ್ ಕೊಳವೆಗಳಲ್ಲೇ ಮೊದಲು ಕೂರುತ್ತದೆ. ದಾರಿಮಧ್ಯೆ ಸಿಕ್ಕಿಬಿದ್ದವರು ಮನೆ ಸೇರಲು ಮಾಡುವ ಉಪಾಯ ಅದು. ಸದ್ಯಕ್ಕೆ ಎರಡು ಹೀಟರ್ ಪೈಪನ್ನೂ ಒಂದು ಲೋಹದ ಜೋಡಣೆ ಕೊಳವೆಯಿಂದ ಸೇರಿಸಿ ಓಡಿಸಿ, ಆದರೆ ರಿಪೇರಿ ಬಾಕಿಯಿದೆ ಎಂದು ಚೀಟಿ ಬರೆದು ಬಾನೆಟ್ಟಿನೊಳಗೆ ಅಂಟಿಸಿ.

ನಿಮ್ಮ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚದೆ ಬೇರೆ ದಾರಿಯಿಲ್ಲದಿದ್ದರೆ ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ. ಏರ್‌ಬ್ಯಾಗ್ ಇದ್ದರೆ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಲೇಬೇಕು. ಎ.ಸಿ. ಗ್ಯಾಸಿನ ಪೈಪನ್ನು ಮನೆಯಲ್ಲಿ ಬಿಚ್ಚಬೇಡಿ. ಅದು ಅಡ್ಡ ಬಂದರೆ ಕೆಲಸ ಅಲ್ಲಿಗೆ ನಿಲ್ಲಿಸಿ ಎ.ಸಿ. ಅಂಗಡಿಗೆ ಒಯ್ಯಿರಿ. ಪ್ರತಿ ಹಂತದ ಫೋಟೋ, ಪ್ರತಿ ಹಂತದ ಸ್ಕ್ರೂಗೆ ಬೇರೆ ಪೊಟ್ಟಣ. ಏಕೆಂದರೆ ಜೋಡಿಸುವ ಬಗ್ಗೆ ಮ್ಯಾನ್ಯುಯಲ್ ಬರೆಯುವುದು ‘ಬಿಚ್ಚಿದ್ದನ್ನು ಹಿಂದುಮುಂದಾಗಿ ಮಾಡಿ’ ಎಂಬ ಒಂದೇ ಸಾಲು.

ಹೊರಬಂದ ಕೋರಿನ ಒಂದು ಬಾಯಿಗೆ ಬಿರಡೆ ಹಾಕಿ, ಇನ್ನೊಂದರಿಂದ ಸೈಕಲ್ ಪಂಪಿನಲ್ಲಿ ಗಾಳಿ ಕೊಟ್ಟು ಬಕೆಟ್ ನೀರಿನಲ್ಲಿ ಮುಳುಗಿಸಿ. ರೇಡಿಯೇಟರ್ ಮುಚ್ಚಳದ ಮೇಲೆ ಬರೆದ ಒತ್ತಡ, ಬಹುಪಾಲು 0.9 (ಕೆಜಿ/ಚದರ ಸೆಂ.ಮೀ.) ಎಂದಿರುತ್ತದೆ, ಅಷ್ಟು ಸಾಕು, ಮೀರಬೇಡಿ. ಗುಳ್ಳೆ ಬಂದ ಜಾಗವೇ ತೂತು. ತಾಮ್ರ-ಹಿತ್ತಾಳೆ ಕೋರನ್ನು ರೇಡಿಯೇಟರ್ ಬೆಸುಗೆ ಹಾಕುವವರು ಸರಿಮಾಡುತ್ತಾರೆ. ಅಲ್ಯುಮಿನಿಯಮ್ ಆದರೆ ಹೊಸದೇ ಒಳ್ಳೆಯದು. ಗುಜರಿಯ ಕೋರು ತರುವುದಾದರೆ ಇದೇ ಬಕೆಟ್ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ.

ಪ್ರಶ್ನೆ: ಮ್ಯಾನ್ಯುಯಲ್‌ನ ಚಿತ್ರಕ್ಕೂ ನನ್ನ ಕಾರಿಗೂ ತಾಳೆಯಾಗುತ್ತಿಲ್ಲ. ಬೋಲ್ಟ್ ಬಿಗಿಯುವ ಅಂಕಿಗಳೂ ಅರ್ಥವಾಗುತ್ತಿಲ್ಲ. — ಸರಸ್ವತೀಪುರಂ, ಮೈಸೂರು

ನಿಮ್ಮದು ಎಡಗಡೆ ಸ್ಟೀರಿಂಗ್ ಇರುವ ದೇಶದ ಆವೃತ್ತಿ ಇರಬಹುದು. ಅದರಲ್ಲಿ ಹೀಟರ್, ಕೇಬಲ್ ಎಲ್ಲ ಅದಲುಬದಲು. ಎಂಜಿನ್ ಬಗೆ, ತಯಾರಾದ ವರ್ಷ, ಚಾಸಿ ನಂಬರು ಮೂರನ್ನೂ ಮೊದಲ ಪುಟಗಳ ಪಟ್ಟಿಯೊಂದಿಗೆ ಹೋಲಿಸಿ. ಕಾರ್ಬ್ಯುರೇಟರ್ ಮಾದರಿಯ ಪುಸ್ತಕದಲ್ಲಿ ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲು ಸಿಂಪಡಿಸುವ) ಕಾರಿನ ವೈರಿಂಗ್ ಹುಡುಕಿ ಫಲವಿಲ್ಲ. ಎಡ, ಬಲ ಎಂದರೆ ಡ್ರೈವರ್ ಸೀಟಿನಲ್ಲಿ ಮುಂದಕ್ಕೆ ನೋಡಿ ಕೂತವರ ಎಡ, ಬಲ.

ಅಂಕಿಗಳಲ್ಲಿ ಅಳತೆಯ ಹೆಸರು ನೋಡಿ. 1 ಕೆಜಿ-ಮೀಟರ್ ಅಂದರೆ 100 ಕೆಜಿ-ಸೆಂಟಿಮೀಟರ್, ಸುಮಾರು 9.8 ನ್ಯೂಟನ್-ಮೀಟರ್, ಸುಮಾರು 7.2 ಪೌಂಡ್-ಅಡಿ. ಒಂದನ್ನು ಇನ್ನೊಂದೆಂದು ಓದಿದರೆ ಥರ್ಮೋಸ್ಟಾಟ್ ಮುಚ್ಚಳದ 6 ಎಂಎಂ ಬೋಲ್ಟು ಅಲ್ಯುಮಿನಿಯಮ್ಮಿನ ಮರೆಯನ್ನೇ (ಥ್ರೆಡ್) ಕಿತ್ತುಕೊಂಡು ಬರುತ್ತದೆ.

ಪ್ರಶ್ನೆ: ಬ್ಲೋವರ್ ಕೊನೆಯ ಸ್ಪೀಡಿನಲ್ಲಿ ಮಾತ್ರ ಓಡುತ್ತದೆ. — ಶ್ರೀರಂಗಪಟ್ಟಣ

ರೆಸಿಸ್ಟರ್ ಸುಟ್ಟಿದೆ. ಕಡಿಮೆ ಸ್ಪೀಡುಗಳಿಗೆ ಕರೆಂಟು ಅದರ ಮೂಲಕ ಹೋಗುತ್ತದೆ, ಕೊನೆಯದಕ್ಕೆ ನೇರ. ಬ್ಲೋವರ್ ಪೆಟ್ಟಿಗೆಯ ಮೇಲೆಯೇ, ಗಾಳಿ ತಾಗುವ ಜಾಗದಲ್ಲಿ, ಸಾಮಾನ್ಯವಾಗಿ ಎರಡು ಸ್ಕ್ರೂಗಳಲ್ಲಿ ಕೂತಿರುತ್ತದೆ. ಗಾಳಿಯಿಂದಲೇ ಅದು ತಣ್ಣಗಾಗಬೇಕು. ಒಣಎಲೆ, ಇಲಿಗೂಡು ಕಟ್ಟಿದ್ದರೆ ಅಥವಾ ಮೋಟರು ಬಿಗಿಯಾಗಿ ತಿರುಗುತ್ತಿದ್ದರೆ ಹೊಸದೂ ಸುಡುತ್ತದೆ. ಹಾಗಾಗಿ ಮೊದಲು ಪೆಟ್ಟಿಗೆ ಶುಚಿಮಾಡಿ, ಬ್ಲೋವರ್ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡಿ. ರೆಸಿಸ್ಟರಿನ ಎರಡು ತುದಿಗೆ ವೈರ್ ಹಾಕಿ ಸೇರಿಸುವುದು, ದೊಡ್ಡ ಫ್ಯೂಸ್ ಹಾಕುವುದು, ಎರಡೂ ಬೆಂಕಿಗೆ ದಾರಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಎ.ಸಿ. ತಂಪು ಸಾಲದು. ಗ್ಯಾಸ್ ತುಂಬಿಸಿಯೂ ಅಷ್ಟೇ. — ಮದ್ದೂರು

ಲಿವರ್ ನೀಲಿಯಲ್ಲಿದ್ದಾಗ ಎರಡು ಹೀಟರ್ ಪೈಪನ್ನೂ ಮುಟ್ಟಿ. ವಾಲ್ವಿರುವ ಕಾರಿನಲ್ಲಿ ವಾಲ್ವಿನಾಚೆಯ ಪೈಪೂ ಬಿಸಿಯಿದ್ದರೆ ವಾಲ್ವು ಪೂರ್ತಿ ಮುಚ್ಚುತ್ತಿಲ್ಲ, ಎ.ಸಿ. ತಂಪು ಮಾಡಿದ ಗಾಳಿಯನ್ನು ಹೀಟರ್ ಕಾಯಿಸುತ್ತಿದೆ. ಕೇಬಲನ್ನು ಮೊದಲ ಉತ್ತರದಲ್ಲಿ ಹೇಳಿದಂತೆ ಹೊಂದಿಸಿ ನೋಡಿ. ಆಗಲೂ ಪೈಪು ಬಿಸಿಯೇ ಇದ್ದರೆ ವಾಲ್ವು ಬದಲಿಸಿ.