ಮೆಲ್ಬರ್ನ್ ಹಿತ್ತಲಲ್ಲಿ ಗೋಲ್ಡನ್ ವಾಟಲ್ ಬೆಳೆಸುವುದು ಹೇಗೆ? ಬೀಜ ಯಾಕೆ ಮೊಳೆಯುತ್ತಿಲ್ಲ?

ಬೀಜ ಮೊಳೆಯದಿರುವುದಕ್ಕೆ ನಿಮ್ಮ ಮಣ್ಣು ಕಾರಣವಲ್ಲ. ಮೆಲ್ಬರ್ನ್‌ನ ಪಶ್ಚಿಮ ಭಾಗದ ಹೊಸ ಮನೆಯಲ್ಲಿ ಗೋಲ್ಡನ್ ವಾಟಲ್ (ಹಳದಿ ಹೂ ಬಿಡುವ ಆಸ್ಟ್ರೇಲಿಯಾದ ಮರ) ಬೀಜ ಊರಿ ಎರಡು ತಿಂಗಳಾದರೂ ಒಂದೂ ಮೇಲೆದ್ದಿಲ್ಲ, ಈ ಗಿಡ ಬೇಗ ಸಾಯುತ್ತದೆ ಅಂತ ಪಕ್ಕದ ಮನೆಯವರು ಹೇಳ್ತಾರೆ, ಶಿರಸಿಯಲ್ಲಿರುವ ತಂದೆಯವರಿಗೂ ಸ್ವಲ್ಪ ಬೀಜ ಕಳಿಸಬಹುದಾ ಅಂತ ಕೇಳಿದ್ದೀರಿ. ಇದೇ ಊರಲ್ಲಿ ವಾಟಲ್ ಬೆಳೆಸುತ್ತಿರುವುದರಿಂದ ಹೇಳುತ್ತೇನೆ.

ವಾಟಲ್ ಬೀಜದ ಸಿಪ್ಪೆ ನೀರನ್ನು ಒಳಗೇ ಬಿಡುವುದಿಲ್ಲ. ಕಾಡಿನಲ್ಲಿ ಬೀಜದ ತುದಿಗಿರುವ ಜಿಡ್ಡಿನ ತುಣುಕಿನ ಆಸೆಗೆ ಇರುವೆಗಳು ಅದನ್ನು ಗೂಡಿಗೆ ಹೊತ್ತೊಯ್ಯುತ್ತವೆ. ತುಣುಕು ತಿಂದು ಬೀಜ ಬಿಡುತ್ತವೆ. ಅದು ಮಣ್ಣಿನಡಿ ವರ್ಷಗಟ್ಟಲೆ ಬಿದ್ದಿದ್ದು, ಮೇಲೆ ಕಾಳ್ಗಿಚ್ಚು ಹಾದುಹೋದಾಗ ಬಿಸಿಗೆ ಸಿಪ್ಪೆ ಸಡಿಲಗೊಂಡು ಮೊಳೆಯುತ್ತದೆ. ಆ ಬೆಂಕಿಯ ಕೆಲಸವನ್ನು ನೀವು ಕೆಟಲ್‌ನಿಂದ ಮಾಡಿಸಬೇಕು. ಬೀಜವನ್ನು ಲೋಟಕ್ಕೆ ಹಾಕಿ ಕುದಿಯುವ ನೀರು ಹೊಯ್ಯಿರಿ, ರಾತ್ರಿಯಿಡೀ ಹಾಗೇ ಬಿಡಿ. ಒಲೆಯ ಮೇಲಿಟ್ಟು ಬೇಯಿಸಬೇಡಿ. ಬೆಳಿಗ್ಗೆ ನೋಡಿದರೆ ಕೆಲವು ಕಾಳು ಉಬ್ಬಿ ದಪ್ಪಗಾಗಿರುತ್ತವೆ, ಕೆಲವು ಹಿಂದಿನ ದಿನದಂತೆಯೇ ಕಪ್ಪಗೆ ಗಟ್ಟಿಯಾಗಿರುತ್ತವೆ. ಉಬ್ಬಿದ್ದನ್ನು ಬಿತ್ತಿ, ಉಳಿದದ್ದಕ್ಕೆ ಇನ್ನೊಮ್ಮೆ ಬಿಸಿನೀರು. ಮೊದಲು ಬರುವ ಎಲೆ ನಮ್ಮ ಜಾಲಿಯ ಎಲೆಯಂತೆ ಸಣ್ಣ ಸಣ್ಣದಾಗಿ ಸೀಳಿರುತ್ತದೆ, ಬೇರೆ ಯಾವುದೋ ಗಿಡ ಅಂತ ಕಿತ್ತುಬಿಡಬೇಡಿ. ಆಮೇಲೆ ಎಲೆತೊಟ್ಟೇ ಅಗಲವಾಗಿ ಕುಡುಗೋಲಿನ ಆಕಾರಕ್ಕೆ ಬರುತ್ತದೆ. ಶಿರಸಿ ಕಡೆ ಅಕೇಶಿಯಾ ನೆಡುತೋಪು ನೋಡಿದವರಿಗೆ ಇದು ಪರಿಚಯದ ಎಲೆಯೇ.

ಇಷ್ಟೆಲ್ಲ ಬೇಡವೆನಿಸಿದರೆ ಸ್ಥಳೀಯ ಜಾತಿಯ ಗಿಡಗಳನ್ನಷ್ಟೇ ಮಾರುವ ನರ್ಸರಿಯಲ್ಲಿ ಸಣ್ಣ ಟ್ಯೂಬ್ ಸಸಿ (ಕಿರಿದಾದ ಪುಟ್ಟ ಕುಂಡದಲ್ಲಿ ಬೆಳೆಸಿದ ಎಳೆ ಸಸಿ) ತನ್ನಿ. ಎತ್ತರದ ಸಸಿಗಿಂತ ಅದೇ ಚೆನ್ನಾಗಿ ಬೇರೂರುತ್ತದೆ. ಹೆಸರು ಮಾತ್ರ ನೋಡಿ ತನ್ನಿ: ಅಕೇಶಿಯಾ ಪಿಕ್ನಾಂಥ. 1988ರಲ್ಲಿ ಅಧಿಕೃತವಾಗಿ ಆಸ್ಟ್ರೇಲಿಯಾದ ರಾಷ್ಟ್ರೀಯ ಹೂವಾದದ್ದು ಇದು, ವಿಕ್ಟೋರಿಯಾದ್ದೇ ಮರ. ಕೂಟಮಂಡ್ರ ವಾಟಲ್ ಕೂಡ ಚೆಂದವೇ, ಆದರೆ ಅದರ ಮೂಲ ನೆಲೆ ನ್ಯೂ ಸೌತ್ ವೇಲ್ಸ್‌ನ ದಕ್ಷಿಣದ ಒಂದು ಚಿಕ್ಕ ಪ್ರದೇಶ. ವಿಕ್ಟೋರಿಯಾದಲ್ಲಿ ಅದು ಕಳೆ.

ನಿಮ್ಮ ಕಡೆಯದು ಜೇಡಿ ಮಣ್ಣು, ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಗುಂಡಿ ತೋಡಿ ನೆಟ್ಟರೆ ನೀರು ಅಲ್ಲೇ ನಿಂತು ಬೇರು ಕೊಳೆಯುತ್ತದೆ. ಮಣ್ಣನ್ನು ಒಂದು ಮೊಳ ಎತ್ತರಕ್ಕೆ ದಿಬ್ಬ ಮಾಡಿ ಅದರ ಮೇಲೆ ನೆಡಿ. ಏಪ್ರಿಲ್-ಮೇ ಒಳ್ಳೆಯ ಸಮಯ. ಬೇಸಿಗೆ ಬರುವಷ್ಟರಲ್ಲಿ ಬೇರು ಇಳಿದಿರುತ್ತದೆ.

ನಾವು ಊರಿಂದ ಬಂದವರು ಎಡವುವುದು ಇಲ್ಲಿಂದಾಚೆ. ಅಂಗಳದ ಮಲ್ಲಿಗೆಗೆ ಉಣಿಸಿದ ಹಾಗೆ ಇದಕ್ಕೆ ಉಣಿಸಬೇಡಿ. ಕೋಳಿಗೊಬ್ಬರ, ಎಲುಬಿನ ಪುಡಿ ಯಾವುದೂ ಬೇಡ. ಸಾರಜನಕವನ್ನು ಇದರ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳೇ ಒದಗಿಸುತ್ತವೆ, ರಂಜಕ ಹೆಚ್ಚಾದರೆ ಎಲೆ ಹಳದಿಯಾಗಿ ಸೊರಗಬಹುದು. ನೀರು ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ಸಾಕು. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಗಾಳಿಗೆ ಗಿಡ ಒರಗುತ್ತದೆ. ಮರದ ಚೂರಿನ ಮುಚ್ಚಿಗೆ ಹಾಕಿ, ಕಾಂಡಕ್ಕೆ ತಾಗದಂತೆ.

ಮೂರನೇ ವರ್ಷದ ಹೊತ್ತಿಗೆ ಹೂ ಶುರುವಾಗುತ್ತದೆ, ಇಲ್ಲಿ ಚಳಿಗಾಲ ಮುಗಿಯುವ ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಸೆಪ್ಟೆಂಬರ್ 1 ವಾಟಲ್ ದಿನ. ಹೂ ಮುಗಿದ ಕೂಡಲೇ ತುದಿಗಳನ್ನು ಸವರಿ. ಎಲೆಯಿಲ್ಲದ ಹಳೇ ಕೊಂಬೆಗೆ ಕತ್ತರಿ ಹಾಕಿದರೆ ಅಲ್ಲಿಂದ ಚಿಗುರು ಬರುವುದು ಅನುಮಾನ. ತೊಗಟೆಯ ಮೇಲೆ ಮರದ ಹೊಟ್ಟು, ಜಾಲರಿ ಕಟ್ಟಿದಂತೆ ಕಂಡರೆ ಕಾಂಡಕೊರಕ ಸೇರಿದೆ ಅಂತ. ಹೊಟ್ಟು ಒರೆಸಿ, ತೂತಿನೊಳಗೆ ತಂತಿ ತೂರಿಸಿ ಹುಳ ಚುಚ್ಚಿ ಸಾಯಿಸಿ. ಮೊಗ್ಗಿನ ಜಾಗದಲ್ಲಿ ಹಸಿರು ಗಂಟು ಬಂದರೆ ಅದು ಒಂದು ಸಣ್ಣ ಕಣಜದ ಮೊಟ್ಟೆಯಿಂದಾದದ್ದು, ಕತ್ತರಿಸಿ ಕಸಕ್ಕೆ ಹಾಕಿ.

ಪಕ್ಕದ ಮನೆಯವರು ಹೇಳಿದ್ದು ನಿಜ. ತೋಟದಲ್ಲಿ ಹತ್ತು-ಹದಿನೈದು ವರ್ಷ ಬಾಳಿದರೆ ಇದಕ್ಕೆ ಪೂರ್ಣಾಯುಷ್ಯ. ಅದಕ್ಕೆ ಕೊರಗುವುದಕ್ಕಿಂತ ಏಳೆಂಟನೇ ವರ್ಷದಲ್ಲಿ ಪಕ್ಕದಲ್ಲಿ ಇನ್ನೊಂದು ಸಸಿ ನೆಡಿ. ಬೇಗ ಬೆಳೆಯುವ ಗಿಡವಾದ್ದರಿಂದ ಬೇಲಿ ಬೋಳಾಗುವುದಿಲ್ಲ.

ಇನ್ನು ಶಿರಸಿಗೆ ಬೀಜ: ಬೇಡ. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಭಾರತಕ್ಕೆ ಬೀಜ ಕಳಿಸುವಂತಿಲ್ಲ. ಕಳಿಸಿದರೂ ಒಣ ಬೇಸಿಗೆಗೆ ಹೊಂದಿಕೊಂಡ ಈ ಮರ ಮಲೆನಾಡಿನ ಜಡಿಮಳೆಯಲ್ಲಿ ಬೇರು ಕೊಳೆತು ಹೋಗುವುದೇ ಹೆಚ್ಚು. ಎಲ್ಲಾದರೂ ಹೊಂದಿಕೊಂಡರೆ ಇನ್ನೂ ಕಷ್ಟ. ದಕ್ಷಿಣ ಆಫ್ರಿಕಾದಲ್ಲಿ ಇದು ಕಾಡಿಗೆ ನುಗ್ಗಿ, ಮೊಗ್ಗಿಗೆ ಗಂಟು ಹಾಕುವ ಅದೇ ಕಣಜವನ್ನು ಆಸ್ಟ್ರೇಲಿಯಾದಿಂದ ತರಿಸಿ ಬಿಡಬೇಕಾಯಿತು. ಆಸ್ಟ್ರೇಲಿಯಾದಿಂದಲೇ ಬಂದ ಇನ್ನೊಂದು ಅಕೇಶಿಯಾದ ತಕರಾರು ಮಲೆನಾಡಿನಲ್ಲಿ ಈಗಾಗಲೇ ಸಾಕಷ್ಟಿದೆ. ತಂದೆಯವರಿಗೆ ಹಳದಿ ಹೂವೇ ಬೇಕಿದ್ದರೆ ಅಲ್ಲಿಯದೇ ಕಕ್ಕೆ ಮರ ನೆಡಲಿ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಒಮ್ಮೆ ವಿಚಾರಿಸಲು ಹೇಳಿ.