ಖರೀದಿಗೆ ಮುನ್ನ ಕಂಡದ್ದನ್ನು ಬರೆಯಲಾಗದೆ ನಿದ್ದೆಗೆಟ್ಟವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

ಎಸ್. ಎಂದು ಕರೆಯೋಣ. ನಲವತ್ತು ದಾಟಿದ ಚಾರ್ಟರ್ಡ್ ಅಕೌಂಟೆಂಟ್, ಷೇರುಪೇಟೆಯಲ್ಲಿರುವ ಒಂದು ಉತ್ಪಾದನಾ ಕಂಪನಿಯ ಆಂತರಿಕ ಲೆಕ್ಕಪರಿಶೋಧನೆ ವಿಭಾಗದ ಮುಖ್ಯಸ್ಥರು. ಆಪ್ತಸಮಾಲೋಚನೆಗೆ ನನ್ನ ಬಳಿ ಕರೆತಂದವರು ಅವರ ಹೆಂಡತಿ. "ರಾತ್ರಿ ಮೂರು ಗಂಟೆಗೆ ಎದ್ದು ಹಾಲ್‌ನಲ್ಲಿ ಕೂತಿರ್ತಾರೆ ಮೇಡಂ. ಕೇಳಿದ್ರೆ ಏನೂ ಇಲ್ಲ ಅಂತಾರೆ. ಬೇರೆ ಏನಾದ್ರೂ ಇದೆಯಾ ಅಂತ ನನಗೆ ಭಯ."

ಒಬ್ಬರೇ ಕೂತಾಗ ಎಸ್. ಬಾಯಿಬಿಟ್ಟರು. ಅವರ ಕಂಪನಿ ಇನ್ನೊಂದು ಕಂಪನಿಯನ್ನು ಕೊಳ್ಳುವುದರಲ್ಲಿತ್ತು. "ಯಾವುದು ಅಂತ ಹೇಳ್ಲಾ ಮೇಡಂ?" ಎಂದು ಕೇಳಿದರು. ಬೇಡ ಎಂದೆ. ವಿಲೀನ, ಸ್ವಾಧೀನದ ಸುದ್ದಿ ಪ್ರಕಟವಾಗುವ ಮೊದಲು ಅದನ್ನು ಕೆಲಸದ ಅಗತ್ಯವಿಲ್ಲದವರಿಗೆ ತಿಳಿಸುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿಯ 2015ರ ನಿಯಮಗಳು ನಿಷೇಧಿಸುತ್ತವೆ. ಹೆಂಡತಿಗೂ ಹೇಳುವಂತಿಲ್ಲ, ನನಗೂ ಹೇಳುವಂತಿಲ್ಲ. ಹೆಸರಿಲ್ಲದೆಯೇ ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಮನೆಯಲ್ಲಿ ಅವರು ಮೌನವಾಗಿದ್ದದ್ದು ಕರ್ತವ್ಯದಿಂದ, ಹೆಂಡತಿಗೆ ಅದು ಕಂಡದ್ದು ಬೇರೆ ಥರ. ಅರ್ಧ ತೊಂದರೆ ಇದೇ ಆಗಿತ್ತು.

ಇನ್ನರ್ಧ ಕಡತಗಳಲ್ಲಿತ್ತು. ಕೊಳ್ಳಲಿರುವ ಕಂಪನಿಯ ಲೆಕ್ಕವನ್ನು ಹೊರಗಿನ ಸಂಸ್ಥೆಯೊಂದು ಆಗಲೇ ಪರಿಶೀಲಿಸಿ ವರದಿ ಕೊಟ್ಟಿತ್ತು. ಎಸ್. ತಂಡಕ್ಕೆ ಸಿಕ್ಕ ಕೆಲಸ ಒಳಗಿನ ನಿಯಂತ್ರಣಗಳು ಹೇಗಿವೆ ಎಂದು ನೋಡುವುದು, ಅಷ್ಟೇ. ನೋಡುತ್ತಾ ಹೋದಂತೆ, ಮಾರ್ಚ್ ಕೊನೆಯ ವಾರದಲ್ಲಿ ಡೀಲರುಗಳ ಹೆಸರಿಗೆ ದೊಡ್ಡ ದೊಡ್ಡ ಬಿಲ್ಲುಗಳು, ಏಪ್ರಿಲ್‌ನಲ್ಲಿ ಅದೇ ಮಾಲಿಗೆ ಕ್ರೆಡಿಟ್ ನೋಟುಗಳು, ಅಂದರೆ ಬಿಲ್ಲಿನ ಮೊತ್ತವನ್ನು ಹಿಂದಿರುಗಿಸುವ ಚೀಟಿಗಳು. ವರ್ಷದ ಕೊನೆಯ ಮಾರಾಟ ಕಾಗದದ ಮೇಲಷ್ಟೇ ಹಿಗ್ಗಿದಂತಿತ್ತು. ಹೀಗೆ ಎರಡು ವರ್ಷ. ಅದರ ಮೇಲೆ, ಕಚ್ಚಾವಸ್ತುವಿನ ಒಂದು ಪಾಲು ಮಾಲೀಕರ ಸಂಬಂಧಿಕರದೇ ಸಂಸ್ಥೆಯಿಂದ ಬರುತ್ತಿತ್ತು. ಗುತ್ತಿಗೆ ಕಾರ್ಮಿಕರ ಪಿಎಫ್ ಚಲನ್‌ಗಳಲ್ಲಿ ಕೆಲವು ತಿಂಗಳು ಕಾಣೆ. ಎಸ್. ಅವರ ಕಂಪನಿಯ ಹಣಕಾಸು ಮುಖ್ಯಸ್ಥರು ವರದಿಯ ಕರಡು ಓದಿ, "ಈಗ ಇದನ್ನೆಲ್ಲ ಎತ್ತಬೇಡಿ, ಖರೀದಿ ಮುಗಿಯಲಿ, ಆಮೇಲೆ ಸರಿಮಾಡಿಕೊಳ್ಳೋಣ" ಎಂದಿದ್ದರು. ಎಸ್. ವಾಕ್ಯಗಳನ್ನು ಮೆದು ಮಾಡಿ ಮತ್ತೆ ಬರೆದರು. ಸಹಿ ಮಾತ್ರ ಹಾಕಲಾಗಲಿಲ್ಲ. ಅಂದಿನಿಂದ ನಿದ್ದೆಯಿಲ್ಲ.

ಅವರನ್ನು ಹಿಂಡುತ್ತಿದ್ದದ್ದು ಬರೀ ಮೇಲಧಿಕಾರಿಯ ಭಯವಲ್ಲ. "ನಾನು ಬರೆದರೆ ವ್ಯವಹಾರ ಮುರಿಯುತ್ತೆ. ಆ ಕಂಪನಿಯ ಕೆಲಸಗಾರರು ಏನಾಗ್ತಾರೆ? ಬರೆಯದಿದ್ದರೆ ನಮ್ಮ ಷೇರುದಾರರು?" ಕೊಳ್ಳುವ, ಬಿಡುವ ತೀರ್ಮಾನವನ್ನೇ ಅವರು ತಮ್ಮ ಹೆಗಲ ಮೇಲೆ ಹೊತ್ತುಕೊಂಡಿದ್ದರು. ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲೇ. ಕೊಳ್ಳಬೇಕೋ ಬೇಡವೋ ಎನ್ನುವುದು ನಿರ್ದೇಶಕ ಮಂಡಳಿಯ ತೀರ್ಮಾನ. ಅವರು ಬೆಲೆ ಇಳಿಸಬಹುದು, ಹಣದ ಒಂದು ಪಾಲನ್ನು ತಡೆಹಿಡಿಯಬಹುದು, ಬಾಕಿಗಳಿಗೆ ಮಾರುವವರಿಂದಲೇ ಹೊಣೆಪತ್ರ ಬರೆಸಿಕೊಳ್ಳಬಹುದು, ತಿಳಿದೂ ಮುಂದೆ ಹೋಗಬಹುದು. ತಿಳಿಯದೆ ಹೋಗಬಾರದು, ಅಷ್ಟೇ. ಆಂತರಿಕ ಲೆಕ್ಕಪರಿಶೋಧಕರ ಪಾಲಿನ ಕೆಲಸ ಆ ತಿಳಿವಳಿಕೆಯನ್ನು ಮೇಜಿನ ಮೇಲಿಡುವುದು.

ರ‍್ಯಾನ್‌ಬ್ಯಾಕ್ಸಿಯ ಮಾತನ್ನು ಅವರೇ ಎತ್ತಿದರು. ಔಷಧ ಪರೀಕ್ಷೆಯ ದತ್ತಾಂಶದ ದೋಷಗಳನ್ನು ದಾಖಲಿಸಿದ ಒಂದು ವರದಿ 2004ರಲ್ಲೇ ಆ ಔಷಧ ಕಂಪನಿಯೊಳಗೆ ಸಿದ್ಧವಾಗಿತ್ತು. ಜಪಾನಿನ ದೈಇಚಿ ಸಾಂಕ್ಯೊ 2008ರಲ್ಲಿ ಕಂಪನಿಯ ಒಡೆತನ ಕೊಂಡಿತು. ಹಳೆಯ ಮಾಲೀಕರು ಮಾಹಿತಿ ಮುಚ್ಚಿಟ್ಟಿದ್ದರೆಂದು ಸಿಂಗಪುರದ ಮಧ್ಯಸ್ಥಿಕೆ ನ್ಯಾಯಮಂಡಳಿ 2016ರಲ್ಲಿ ತೀರ್ಮಾನಿಸಿ, 2,500 ಕೋಟಿ ರೂಪಾಯಿಗೂ ಮಿಕ್ಕ ಪರಿಹಾರ ವಿಧಿಸಿತು. "ಖರೀದಿ ಆದಮೇಲೆ ಸರಿಮಾಡಿಕೊಳ್ಳೋಣ ಅನ್ನೋದು ಎಷ್ಟು ದುಬಾರಿ ಅಂತ ನನಗೇ ಗೊತ್ತಿದೆ ಮೇಡಂ" ಎಂದರು. ಗೊತ್ತಿತ್ತು. ಹಾಗಾಗಿಯೇ ಮೆದು ಮಾಡಿದ ಕರಡಿಗೆ ಸಹಿ ಹಾಕಲು ಕೈ ಬರಲಿಲ್ಲ. ಇದನ್ನು ಅವರು ತಮ್ಮ ದೌರ್ಬಲ್ಯ ಎಂದುಕೊಂಡಿದ್ದರು. ನನಗೆ ಅದು ಅವರ ಆರೋಗ್ಯದ ಲಕ್ಷಣವಾಗಿ ಕಂಡಿತು, ಹಾಗೆಂದು ಹೇಳಿದೆ.

ಮೊದಲು ವೈದ್ಯರ ಬಳಿ ಕಳಿಸಿದೆ, ಬಿಪಿ ಏರಿತ್ತು. ವರದಿಯ ಬಗ್ಗೆ ಹೇಳಿದ್ದು ಹೀಗೆ: ಮೊದಲ ಕರಡನ್ನೇ ಮತ್ತೆ ಕೈಗೆತ್ತಿಕೊಳ್ಳಿ. "ಗಂಭೀರ", "ಕಳವಳಕಾರಿ" ಎಂಬ ಮಾತುಗಳು ಬೇಡ. ಯಾವ ಕಾಗದ ನೋಡಿದಿರಿ, ಯಾವುದು ಕೊಡಲಿಲ್ಲ, ಲಾಭದಲ್ಲಿ ಎಷ್ಟು ವ್ಯತ್ಯಾಸ, ಇಷ್ಟೇ ಬರೆಯಿರಿ. ಹಣಕಾಸು ಮುಖ್ಯಸ್ಥರಿಗೆ ಮೊದಲು ಕೊಟ್ಟು ಉತ್ತರಕ್ಕೆ ದಿನ ಗೊತ್ತುಮಾಡಿ. ಅವರ ಉತ್ತರವೂ ವರದಿಯಲ್ಲೇ ಇರಲಿ. ನಂತರ ನಿರ್ದೇಶಕ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರ ಸಮಯ ಕೇಳಿ. ತಡೆದರೆ ಕಂಪನಿ ಕಾಯ್ದೆ 2013ರ 177ನೇ ಕಲಮಿನ ಜಾಗೃತ ವ್ಯವಸ್ಥೆ, ಅಂದರೆ ಒಳಗಿನವರು ದೂರು ಕೊಡುವ ವ್ಯವಸ್ಥೆಯಿದೆ: ಅಗತ್ಯ ಸಂದರ್ಭದಲ್ಲಿ ನೇರ ಆ ಸಮಿತಿಯ ಅಧ್ಯಕ್ಷರನ್ನೇ ಕಾಣಬಹುದು, ದೂರಿದವರಿಗೆ ಕಿರುಕುಳವಾಗದಂತೆ ರಕ್ಷಣೆಯೂ ಇರಬೇಕು. ಕಾಗದಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಕಾನೂನಿನ ಅನುಮಾನಗಳಿಗೆ ವಕೀಲರನ್ನು ಕೇಳಿ, ನನ್ನನ್ನಲ್ಲ.

ಹೆಂಡತಿಗೆ ಏನು ಹೇಳುವುದು ಎಂದು ಇಬ್ಬರೂ ಸೇರಿ ಯೋಚಿಸಿದೆವು. "ಆಫೀಸಿನ ಒಂದು ವಿಷಯ, ಹೇಳುವ ಹಾಗಿಲ್ಲ. ನಿನ್ನಿಂದಲ್ಲ, ಹಣದ ತೊಂದರೆಯೂ ಅಲ್ಲ. ನನಗೆ ಕಷ್ಟವಾಗ್ತಿದೆ." ಇಷ್ಟು ಹೇಳಿದ ದಿನ ಆಕೆ ಅತ್ತರಂತೆ, ಸಮಾಧಾನದಿಂದ.

ವರದಿ ಸಮಿತಿಗೆ ಹೋಯಿತು. ಖರೀದಿ ಏನಾಯಿತೆಂದು ನಾನು ಕೇಳಿಲ್ಲ. ಹಣಕಾಸು ಮುಖ್ಯಸ್ಥರು ಈಗಲೂ ಸರಿಯಾಗಿ ಮಾತಾಡುವುದಿಲ್ಲ, ಎಸ್. ಅವರಿಗೆ ಅದು ನೋಯುತ್ತದೆ, ಅದರ ಬಗ್ಗೆ ಮಾತು ಮುಂದುವರಿದಿದೆ. ನಿದ್ದೆ ಬಹುಪಾಲು ಮರಳಿದೆ. ಕಳೆದ ಸಲ ಬಂದಾಗ ಹೊಸ ಪ್ರಶ್ನೆ ತಂದಿದ್ದರು: ಮುಂದೆ ಯಾವುದೇ ಖರೀದಿಯಾದರೂ ಎರಡೂ ಕಡೆಯ ವ್ಯವಸ್ಥೆಗಳನ್ನು ಒಂದುಗೂಡಿಸುವ ತಂಡದಲ್ಲಿ ಅವರಿರಬೇಕಂತೆ, ಒಪ್ಪಲೇ? ಸಲಹೆಗಾರರಾಗಿ ಕೂರಿ, ತೀರ್ಮಾನಕ್ಕೆ ಸಹಿ ಹಾಕಬೇಡಿ ಎಂದೆ. ನಾಳೆ ಅದನ್ನು ಪರಿಶೀಲಿಸಬೇಕಾದವರು ಅವರೇ. ಆ ಷರತ್ತನ್ನು ಈಗಲೇ ಬರಹದಲ್ಲಿ ಕೇಳಿ ಪಡೆಯಲು ಹೇಳಿದ್ದೇನೆ.